ಬಿಲ್ಡೇ ತಡೆಯಲಿ: ಜಾವಾ ಕೋಡಿಗೆ ಸ್ವಯಂಚಾಲಿತ ತಪಾಸಣೆ ಹೂಡುವ ಬಗೆ

ಬೆಳಗಾವಿ, ಹುಬ್ಬಳ್ಳಿ, ಕಲಬುರಗಿ ಕಡೆಯಿಂದ ಸಿ-ಡ್ಯಾಕ್ ಕಂಪ್ಯೂಟರ್ ಕೋರ್ಸಿಗೆಂದು ಪುಣೆಗೆ ಬಂದು, ಹಿಂಜವಡಿಯಲ್ಲೋ ಖರಾಡಿಯಲ್ಲೋ ಕೆಲಸ ಹಿಡಿದವರಿಗೆ ಕ್ಲಾಸು, ಇಂಟರ್‌ಫೇಸು, ಇನ್ಹೆರಿಟೆನ್ಸು ಎಲ್ಲ ಬಾಯಿಪಾಠ ಆಗಿರುತ್ತವೆ. ಮೊದಲ ಪ್ರಾಜೆಕ್ಟಿನಲ್ಲಿ ಎದುರಾಗುವುದು ಬೇರೆಯೇ: ಹತ್ತು ವರ್ಷ ಹಳೆಯ ರೆಪೊ (ಕೋಡಿನ ಭಂಡಾರ), ಮೂರು ಸಾವಿರ ಸಾಲಿನ ಒಂದು ಕ್ಲಾಸ್, ಜೊತೆಗೆ 'ಸೋನಾರ್ ಹಾಕಿದ್ದೇವಲ್ಲ' ಎಂಬ ಸಮಾಧಾನ. ಸೋನಾರ್ ಎಂದರೆ ಕೋಡಿನ ತಪ್ಪುಗಳನ್ನು ಪಟ್ಟಿ ಮಾಡುವ ಸೋನಾರ್‌ಕ್ಯೂಬ್ ಟೂಲ್. ಡ್ಯಾಶ್‌ಬೋರ್ಡಿನಲ್ಲಿ ಸಾವಿರಗಟ್ಟಲೆ ಎಚ್ಚರಿಕೆಗಳಿರುತ್ತವೆ. ತೆರೆದು ಓದುವವರು ಇರುವುದಿಲ್ಲ.

ಬಿಲ್ಡನ್ನು, ಅಂದರೆ ಕೋಡನ್ನು ಕಂಪೈಲ್ ಮಾಡಿ ಟೆಸ್ಟ್ ನಡೆಸಿ ಪ್ರೋಗ್ರಾಂ ಕಟ್ಟುವ ಓಟವನ್ನು, ನಿಲ್ಲಿಸದ ಎಚ್ಚರಿಕೆಯನ್ನು ತಪಾಸಣೆ ಎಂದು ಕರೆಯಬಾರದು ಎಂಬುದು ನಮ್ಮ ನಿಲುವು. ಇನ್ನೂರು ನಿಯಮ ಹಚ್ಚಿ ಯಾವುದಕ್ಕೂ ಬಿಲ್ಡ್ ಬೀಳದಂತೆ ಇಡುವುದಕ್ಕಿಂತ, ಹದಿನೈದೇ ನಿಯಮ ಆರಿಸಿ ಒಂದು ಮುರಿದರೂ ಕೋಡ್ ಮುಖ್ಯ ಶಾಖೆಗೆ ಮರ್ಜ್ ಆಗದಂತೆ ಮಾಡುವುದು ಮೇಲು. ಹೇಗೆಂಬುದನ್ನು ಜಾವಾ ಮತ್ತು ಅದರ ಬಿಲ್ಡ್ ನಡೆಸುವ ಮೇವೆನ್ ಹಿಡಿದು ಹೇಳಿದ್ದೇವೆ. ಉದಾಹರಣೆಗೆ ಮುಂಬಯಿ ಮಾಟುಂಗಾದ ಒಂದು ಉಡುಪಿ ಹೋಟೆಲಿನ ಬಿಲ್ಲಿಂಗ್ ಪ್ರೋಗ್ರಾಂ ಎಂದಿಟ್ಟುಕೊಳ್ಳಿ. 'ಬಿಲ್' ಮೂಲ ಕ್ಲಾಸ್. ಅದರಿಂದ ಹುಟ್ಟಿದವು 'ಪಾರ್ಸೆಲ್‌ಬಿಲ್' ಮತ್ತು ತಿಂಗಳ ಕೊನೆಗೆ ದುಡ್ಡು ಕೊಡುವ ಗಿರಾಕಿಗಳ 'ಖಾತೆಬಿಲ್'.

ಯಾವ ಟೂಲ್ ಏನನ್ನು ನೋಡುತ್ತದೆ

ಚೆಕ್‌ಸ್ಟೈಲ್ ಮತ್ತು ಪಿಎಂಡಿ ಓದುವುದು ಸೋರ್ಸ್ ಫೈಲನ್ನು. ಚೆಕ್‌ಸ್ಟೈಲ್ ಒಂದು ಸಲಕ್ಕೆ ಒಂದೇ ಫೈಲ್ ನೋಡುತ್ತದೆ. ಪಕ್ಕದ ಫೈಲಿನಲ್ಲಿ ಏನಿದೆ, ಮೂಲ ಕ್ಲಾಸ್ ಯಾವುದು ಎಂಬುದು ಅದಕ್ಕೆ ಗೊತ್ತಾಗುವುದಿಲ್ಲ. ಹೀಗಾಗಿ ಹೆಸರು, ಉದ್ದ, ಇಂಪೋರ್ಟ್ ಸಾಲುಗಳ ಮಟ್ಟಿಗೆ ಅದು ಸರಿ, ಇನ್ಹೆರಿಟೆನ್ಸಿನ ದೋಷಗಳಿಗೆ ಅಲ್ಲ. ಪಿಎಂಡಿ ಒಂದು ಹೆಜ್ಜೆ ಮುಂದೆ ಹೋಗಿ ಟೈಪುಗಳನ್ನು ಬಿಡಿಸಿಕೊಳ್ಳುತ್ತದೆ, ಆದರೆ ಅದಕ್ಕೆ ಕಂಪೈಲ್ ಆದ ಕ್ಲಾಸುಗಳು ಸಿಗಬೇಕು. ಕಂಪೈಲ್ ಮಾಡದೆ ಪಿಎಂಡಿ ಒಂದನ್ನೇ ಓಡಿಸಿದರೆ ಕೆಲವು ನಿಯಮಗಳು ಸುಳ್ಳು ದೂರು ಹೇಳುತ್ತವೆ, ಕೆಲವು ಸುಮ್ಮನಾಗಿಬಿಡುತ್ತವೆ.

ಸ್ಪಾಟ್‌ಬಗ್ಸ್ ನೋಡುವುದು ಬೈಟ್‌ಕೋಡನ್ನು, ಅಂದರೆ ಕಂಪೈಲ್ ಆದ ಕೋಡನ್ನು. ಮೇರಿಲ್ಯಾಂಡ್ ವಿಶ್ವವಿದ್ಯಾಲಯದಲ್ಲಿ ಹುಟ್ಟಿದ ಫೈಂಡ್‌ಬಗ್ಸ್‌ನ ಮುಂದುವರಿಕೆ ಇದು. ಕ್ಲಾಸುಗಳ ನಡುವಿನ ಸಂಬಂಧ ಇದಕ್ಕೆ ಕಾಣುವುದರಿಂದ ಆಬ್ಜೆಕ್ಟ್ ಓರಿಯೆಂಟೆಡ್ ಕೋಡಿನ ನಿಜವಾದ ದೋಷಗಳು ಹೆಚ್ಚಾಗಿ ಇಲ್ಲೇ ಸಿಗುತ್ತವೆ. ಗೂಗಲ್‌ನಿಂದ ಬಂದ ಎರರ್ ಪ್ರೋನ್ ಕಂಪೈಲರ್ ಒಳಗೇ ಕೂರುತ್ತದೆ. ಗಂಭೀರ ತಪ್ಪನ್ನು ಕಂಪೈಲ್ ಎರರ್ ಆಗಿಯೇ ತೋರಿಸುತ್ತದೆ. ಸೋನಾರ್‌ಕ್ಯೂಬ್ ತನ್ನದೇ ನಿಯಮಗಳನ್ನು ನಡೆಸುತ್ತದೆ, ಹೊರಗಿನ ವರದಿಗಳನ್ನೂ ಒಂದೆಡೆ ತೋರಿಸುತ್ತದೆ. ಮೊದಲ ದಿನವೇ ಎಲ್ಲವನ್ನೂ ಹಚ್ಚುವ ಅಗತ್ಯವಿಲ್ಲ. ಸ್ಪಾಟ್‌ಬಗ್ಸ್, ಪಿಎಂಡಿ, ಟೆಸ್ಟುಗಳು ಎಷ್ಟು ಕೋಡನ್ನು ಓಡಿಸಿದವು ಎಂಬ ಕವರೇಜ್ ಅಳೆಯುವ ಜಾಕೊಕೊ, ಈ ಮೂರರಿಂದ ಶುರು ಮಾಡಿದರೆ ಸಾಕು.

ಹೆಜ್ಜೆ 1: ಫಾರ್ಮ್ಯಾಟಿಂಗ್ ಜಗಳ ಮುಗಿಸಿ

ಇದರಲ್ಲಿ ಹೆಚ್ಚು ಹೊತ್ತು ಕಳೆಯಬೇಡಿ. ಕೋಡನ್ನು ಒಂದೇ ಶೈಲಿಗೆ ತರುವ ಸ್ಪಾಟ್‌ಲೆಸ್ ಪ್ಲಗಿನ್ ಹಾಕಿ, ಒಂದು ಫಾರ್ಮ್ಯಾಟ್ ಆರಿಸಿ, ಇಡೀ ರೆಪೊವನ್ನು ಒಂದೇ ಕಮಿಟ್‌ನಲ್ಲಿ ಸರಿಪಡಿಸಿ. ಆ ಕಮಿಟ್‌ನಲ್ಲಿ ಬೇರೆ ಒಂದು ಅಕ್ಷರವೂ ಬದಲಾಗಬಾರದು. ಅದರ ಹ್ಯಾಶನ್ನು 'ಗಿಟ್ ಬ್ಲೇಮ್ ಇಗ್ನೋರ್ ರೆವ್ಸ್' ಫೈಲಿನಲ್ಲಿ ಬರೆದು, ಗಿಟ್ ಕಾನ್ಫಿಗ್‌ನಲ್ಲಿ ಆ ಫೈಲನ್ನು ತೋರಿಸಿ. 2019ರ ಗಿಟ್ 2.23 ಆವೃತ್ತಿಯಿಂದ ಈ ಸೌಲಭ್ಯವಿದೆ. ಇಲ್ಲದಿದ್ದರೆ ಯಾವ ಸಾಲನ್ನು ಯಾರು ಬದಲಿಸಿದರೆಂದು ತೋರಿಸುವ ಬ್ಲೇಮ್ ನೋಡಿದಾಗ ಪ್ರತಿ ಸಾಲಿನ ಮೇಲೂ ಫಾರ್ಮ್ಯಾಟ್ ಮಾಡಿದವರ ಹೆಸರೇ ಕಾಣುತ್ತದೆ. ವಿಂಡೋಸ್ ಮತ್ತು ಲಿನಕ್ಸ್ ಎರಡೂ ಇರುವ ತಂಡದಲ್ಲಿ ಸಾಲಿನ ಕೊನೆಯ ಗುರುತು ಬೇರೆಬೇರೆ ಆಗಿ ಎಲ್ಲ ಫೈಲುಗಳೂ ಬದಲಾದಂತೆ ಕಾಣಬಹುದು. ಗಿಟ್ ಆಟ್ರಿಬ್ಯೂಟ್ಸ್ ಫೈಲಿನಲ್ಲಿ ಅದನ್ನು ಮೊದಲೇ ಗೊತ್ತುಮಾಡಿ.

ಹೆಜ್ಜೆ 2: ಕಂಪೈಲರ್ ಹೇಳುವುದನ್ನು ಮೊದಲು ಕೇಳಿ

ಬೇರೆ ಟೂಲ್ ತರುವ ಮೊದಲು ಜಾವಾ ಕಂಪೈಲರಿನ 'ಎಕ್ಸ್‌ಲಿಂಟ್' ಆಯ್ಕೆಯನ್ನು 'ಆಲ್'ಗೆ ಇಡಿ. ಅದರಲ್ಲಿ 'ಪ್ರೊಸೆಸಿಂಗ್' ಮತ್ತು 'ಸೀರಿಯಲ್' ಎಂಬ ಎರಡನ್ನು ತೆಗೆದುಬಿಡಿ. ಅವುಗಳ ಗದ್ದಲ ಹೆಚ್ಚು, ಲಾಭ ಕಡಿಮೆ. ಉಳಿದವು ಶೂನ್ಯಕ್ಕೆ ಬಂದ ಮೇಲೆ ಎಚ್ಚರಿಕೆಯನ್ನೇ ಎರರ್ ಮಾಡುವ 'ಡಬ್ಲ್ಯೂ-ಎರರ್' ಆಯ್ಕೆ ಸೇರಿಸಿ.

ಎರರ್ ಪ್ರೋನ್ ಹಾಕುವವರು ಒಂದು ಕಡೆ ಖಂಡಿತ ಎಡವುತ್ತಾರೆ. ಜೆಡಿಕೆ 16ರಿಂದ ಕಂಪೈಲರಿನ ಒಳಭಾಗಗಳು ಹೊರಗಿನವರಿಗೆ ಮುಚ್ಚಿವೆ. 'ಆಡ್ ಎಕ್ಸ್‌ಪೋರ್ಟ್ಸ್' ಮತ್ತು 'ಆಡ್ ಓಪನ್ಸ್' ಸಾಲುಗಳನ್ನು ರೆಪೊದ ಡಾಟ್-ಎಂವಿಎನ್ ಫೋಲ್ಡರಿನ 'ಜೆವಿಎಂ ಕಾನ್ಫಿಗ್' ಫೈಲಿನಲ್ಲಿ ಹಾಕದಿದ್ದರೆ 'ಇಲ್ಲೀಗಲ್ ಆಕ್ಸೆಸ್ ಎರರ್' ಬಂದು ಕಂಪೈಲೇ ಬಿದ್ದುಹೋಗುತ್ತದೆ. ತಪ್ಪು ನಿಮ್ಮ ಕೋಡಿನಲ್ಲಿದೆ ಎಂದು ಹುಡುಕುತ್ತ ಕೂರಬೇಡಿ.

ಹೆಜ್ಜೆ 3: ಕ್ಲಾಸುಗಳ ದೋಷ ಹಿಡಿಯುವ ನಿಯಮಗಳು

ತೂಕದ ಕೆಲಸ ಇಲ್ಲಿದೆ. ಮೇವೆನ್ ಸೆಟ್ಟಿಂಗ್ ಇರುವ ಪಾಮ್ ಫೈಲಿನಲ್ಲಿ ಸ್ಪಾಟ್‌ಬಗ್ಸ್ ಪ್ಲಗಿನ್ ಸೇರಿಸಿ, 'ಎಫರ್ಟ್' ಅನ್ನು ಮ್ಯಾಕ್ಸ್‌ಗೂ 'ಥ್ರೆಶೋಲ್ಡ್' ಅನ್ನು ಮೀಡಿಯಂಗೂ ಇಡಿ. ಥ್ರೆಶೋಲ್ಡನ್ನು ಲೋ ಮಾಡಿದರೆ ಮೊದಲ ದಿನವೇ ತಂಡ ರೋಸಿಹೋಗುತ್ತದೆ. ಸ್ಪಾಟ್‌ಬಗ್ಸ್ ಪ್ರತಿ ದೋಷಕ್ಕೂ 1ರಿಂದ 20ರವರೆಗೆ ಒಂದು ರ‍್ಯಾಂಕ್ ಕೊಡುತ್ತದೆ: 1ರಿಂದ 4 ಅತಿ ಭಯಂಕರ, 5ರಿಂದ 9 ಭಯಂಕರ, 10ರಿಂದ 14 ತೊಂದರೆಯದು, ಉಳಿದವು ಗಮನಿಸಬೇಕಾದವು. 9ರವರೆಗಿನದನ್ನು ಹಳೆಯದು ಹೊಸದು ಎನ್ನದೆ ತಕ್ಷಣ ತಿದ್ದಿ. ಮಿಕ್ಕಿದ್ದಕ್ಕೆ ಮುಂದೆ ದಾರಿ ಹೇಳಿದೆ.

ಇನ್ನು ಯಾವ ನಿಯಮ ಏಕೆ ಬೇಕು ನೋಡೋಣ.

ಕನ್‌ಸ್ಟ್ರಕ್ಟರ್ ಒಳಗಿಂದ ಓವರ್‌ರೈಡ್ ಮಾಡಬಹುದಾದ, ಅಂದರೆ ಉಪಕ್ಲಾಸ್ ತನ್ನದಾಗಿ ಮತ್ತೆ ಬರೆಯಬಹುದಾದ, ಮೆಥಡ್ ಕರೆಯುವುದು. 'ಬಿಲ್' ಕ್ಲಾಸಿನ ಕನ್‌ಸ್ಟ್ರಕ್ಟರ್ 'ಒಟ್ಟುಲೆಕ್ಕ' ಎಂಬ ಮೆಥಡ್ ಕರೆಯುತ್ತದೆ ಎನ್ನಿ. 'ಪಾರ್ಸೆಲ್‌ಬಿಲ್' ಅದನ್ನು ಓವರ್‌ರೈಡ್ ಮಾಡಿ, ಡಬ್ಬಿಯ ಖರ್ಚು 10 ರೂಪಾಯಿ ಇರುವ ತನ್ನ ಫೀಲ್ಡನ್ನು ಕೂಡಿಸುತ್ತದೆ. ಜಾವಾದಲ್ಲಿ ಮೂಲ ಕ್ಲಾಸಿನ ಕನ್‌ಸ್ಟ್ರಕ್ಟರ್ ಮುಗಿದ ಮೇಲೆಯೇ ಉಪಕ್ಲಾಸಿನ ಫೀಲ್ಡುಗಳಿಗೆ ಬೆಲೆ ತುಂಬುವುದು. ಅಂದರೆ ಲೆಕ್ಕ ನಡೆಯುವಾಗ ಆ ಫೀಲ್ಡ್ ಇನ್ನೂ 0. ಬಿಲ್ ಹತ್ತು ರೂಪಾಯಿ ಕಡಿಮೆ ಬರುತ್ತದೆ, ಯಾವ ಎರರೂ ಕಾಣುವುದಿಲ್ಲ. ಫೀಲ್ಡ್ ನಿಖರ ದಶಮಾಂಶ ಲೆಕ್ಕದ ಬಿಗ್‌ಡೆಸಿಮಲ್ ಆಗಿದ್ದರೆ ನಲ್ ಪಾಯಿಂಟರ್ ಬಂದು ಕನಿಷ್ಠ ಗೊತ್ತಾದರೂ ಆಗುತ್ತದೆ. ಇನ್ನೂ ಮೋಸದ ಸಂಗತಿ ಎಂದರೆ, ಅದೇ ಫೀಲ್ಡನ್ನು ಫೈನಲ್ ಎಂದು ಘೋಷಿಸಿ ಅಲ್ಲೇ 10 ಎಂದು ಬರೆದಿದ್ದರೆ ಕಂಪೈಲರ್ ಆ ಬೆಲೆಯನ್ನು ನೇರ ಕೋಡಿನೊಳಕ್ಕೆ ಇಳಿಸಿಬಿಡುತ್ತದೆ, ಲೆಕ್ಕ ಸರಿಯಾಗಿಯೇ ಬರುತ್ತದೆ. ಆಮೇಲೆ ಯಾರೋ ಆ ಬೆಲೆಯನ್ನು ಸೆಟ್ಟಿಂಗ್ ಫೈಲಿನಿಂದ ತೆಗೆದುಕೊಳ್ಳುವಂತೆ ಬದಲಿಸಿದ ದಿನ ದೋಷ ಎದ್ದು ಕೂರುತ್ತದೆ. ಪಿಎಂಡಿಯಲ್ಲಿ 'ಕನ್‌ಸ್ಟ್ರಕ್ಟರ್ ಕಾಲ್ಸ್ ಓವರ್‌ರೈಡಬಲ್ ಮೆಥಡ್' ಎಂಬ ನಿಯಮ ಇದನ್ನು ಹಿಡಿಯುತ್ತದೆ. ಪರಿಹಾರ: ಮೆಥಡನ್ನು ಫೈನಲ್ ಅಥವಾ ಪ್ರೈವೇಟ್ ಮಾಡಿ, ಇಲ್ಲವೇ ಲೆಕ್ಕವನ್ನು ಕನ್‌ಸ್ಟ್ರಕ್ಟರಿನಿಂದ ಹೊರಗೆ ತೆಗೆದು, ಕೇಳಿದಾಗ ಮಾಡಿ.

ಈಕ್ವಲ್ಸ್ ಇದ್ದು ಹ್ಯಾಶ್‌ಕೋಡ್ ಇಲ್ಲದಿರುವುದು. ಬಿಲ್ ನಂಬರ್ ಒಂದೇ ಆದರೆ ಎರಡೂ ಒಂದೇ ಬಿಲ್ ಎಂದು ಈಕ್ವಲ್ಸ್ ಬರೆದಿದ್ದೀರಿ, ಹ್ಯಾಶ್‌ಕೋಡ್ ಬರೆದಿಲ್ಲ. ಹ್ಯಾಶ್‌ಸೆಟ್‌ನಲ್ಲಿ ಎರಡೂ ಬೇರೆ ಬೇರೆ ಗೂಡಿಗೆ ಬಿದ್ದು ಒಂದೇ ಬಿಲ್ ಎರಡು ಸಲ ಎಣಿಕೆಯಾಗುತ್ತದೆ. ಸ್ಪಾಟ್‌ಬಗ್ಸ್‌ನ 'ಎಚ್‌ಇ' ಎಂದು ಶುರುವಾಗುವ ನಿಯಮಗಳು ಇದಕ್ಕೇ ಇರುವುದು. ಇದರ ತಮ್ಮಂದಿರು 'ಇಕ್ಯೂ' ಗುಂಪಿನವು: ಉಪಕ್ಲಾಸ್ ಹೊಸ ಫೀಲ್ಡ್ ಸೇರಿಸಿ ಈಕ್ವಲ್ಸನ್ನು ಹಾಗೇ ಬಿಟ್ಟಿದ್ದರೆ ಒಂದು ಎಚ್ಚರಿಕೆ, ಮೂಲ ಕ್ಲಾಸ್ 'ನಾವಿಬ್ಬರೂ ಒಂದೇ' ಎಂದು, ಉಪಕ್ಲಾಸ್ 'ಅಲ್ಲ' ಎಂದು ಹೇಳುವಂತಿದ್ದರೆ ಇನ್ನೊಂದು.

ಒಳಗಿನ ಪಟ್ಟಿಯನ್ನು ಹಾಗೇ ಹೊರಗೆ ಕೊಡುವುದು. 'ಬಿಲ್' ತನ್ನ ಐಟಂಗಳ ಲಿಸ್ಟನ್ನು ಗೆಟ್ಟರ್ ಮೂಲಕ ನೇರ ಕೊಟ್ಟರೆ, ಪಡೆದವರು ಅದಕ್ಕೆ ಎರಡು ಮಸಾಲೆ ದೋಸೆ ಸೇರಿಸಬಹುದು. ಬಿಲ್ಲಿಗೆ ಗೊತ್ತೇ ಆಗುವುದಿಲ್ಲ, ಒಟ್ಟು ಮೊತ್ತ ಹಳೆಯದೇ ಉಳಿಯುತ್ತದೆ. ಲಿಸ್ಟ್ ಇಂಟರ್‌ಫೇಸಿನ 'ಕಾಪಿ ಆಫ್' ಬಳಸಿ ನಕಲು ಕೊಡಿ. 'ಅನ್‌ಮಾಡಿಫೈಯಬಲ್ ಲಿಸ್ಟ್' ಕೊಟ್ಟರೆ ಪಡೆದವರು ಬದಲಿಸಲಾರರು, ಆದರೆ ಒಳಗಿನ ಪಟ್ಟಿ ಬದಲಾದರೆ ಅವರ ಕೈಯಲ್ಲಿರುವುದೂ ಬದಲಾಗುತ್ತದೆ, ನೆನಪಿರಲಿ. ಇದನ್ನು ಹಿಡಿಯುವ ಸ್ಪಾಟ್‌ಬಗ್ಸ್‌ನ 'ಇಐ' ನಿಯಮ ಸ್ಪ್ರಿಂಗ್ ಎಂಬ ಜಾವಾ ಚೌಕಟ್ಟು ಬಳಸುವ ಕಡೆ ವಿಪರೀತ ಕೂಗುತ್ತದೆ: ಕನ್‌ಸ್ಟ್ರಕ್ಟರ್ ಮೂಲಕ ಬರುವ ಪ್ರತಿ ಸರ್ವೀಸನ್ನೂ 'ಹೊರಗಿನ ಆಬ್ಜೆಕ್ಟನ್ನು ಒಳಗಿಟ್ಟುಕೊಂಡಿದ್ದೀರಿ' ಎನ್ನುತ್ತದೆ. ಫಿಲ್ಟರ್ ಫೈಲಿನಲ್ಲಿ ಸರ್ವೀಸ್ ಮತ್ತು ಕಂಟ್ರೋಲರ್ ಪ್ಯಾಕೇಜುಗಳಿಗೆ ಮಾತ್ರ ಇದನ್ನು ಬಿಡಿಸಿ, 'ಬಿಲ್'ನಂಥ ವ್ಯವಹಾರದ ಕ್ಲಾಸುಗಳಿರುವ ಡೊಮೈನ್ ಪ್ಯಾಕೇಜಿನಲ್ಲಿ ಬಿಗಿಯಾಗಿಯೇ ಇರಲಿ.

ದುಡ್ಡಿನ ಲೆಕ್ಕ. ಹೋಟೆಲ್ ಊಟಕ್ಕೆ ಜಿಎಸ್‌ಟಿ ಶೇ 5; ಕೇಂದ್ರಕ್ಕೆ 2.5, ರಾಜ್ಯಕ್ಕೆ 2.5. ಬಿಗ್‌ಡೆಸಿಮಲ್ ಕನ್‌ಸ್ಟ್ರಕ್ಟರಿಗೆ 0.025 ಎಂದು ನೇರ ಸಂಖ್ಯೆ ಕೊಟ್ಟರೆ ಒಳಗೆ ಕೂರುವುದು 0.02500000000000000138 ಎಂದು ಶುರುವಾಗುವ ಉದ್ದನೆಯ ಬಾಲ. ಸಂಖ್ಯೆಯನ್ನು ಸ್ಟ್ರಿಂಗ್ ಆಗಿ ಕೊಡಬೇಕು. ಹಾಗೆಯೇ ಬಿಗ್‌ಡೆಸಿಮಲ್‌ನ ಈಕ್ವಲ್ಸ್ ದಶಮಾಂಶ ಸ್ಥಾನವನ್ನೂ ಹೋಲಿಸುವುದರಿಂದ 2.0 ಮತ್ತು 2.00 ಅದರ ಕಣ್ಣಿಗೆ ಬೇರೆ ಬೇರೆ. ಹೋಲಿಕೆಗೆ 'ಕಂಪೇರ್ ಟು' ಬಳಸಿ. ಮೊದಲನೆಯದನ್ನು ಪಿಎಂಡಿ, ಸ್ಪಾಟ್‌ಬಗ್ಸ್ ಎರಡೂ ಹಿಡಿಯುತ್ತವೆ. ಎರಡನೆಯದಕ್ಕೆ ಎರರ್ ಪ್ರೋನ್‌ನಲ್ಲಿ ನಿಯಮವಿದೆ.

'ಓವರ್‌ರೈಡ್' ಗುರುತು ಮರೆಯುವುದು ಸಣ್ಣದೆನಿಸಬಹುದು. ಪ್ಯಾರಾಮೀಟರ್ ಟೈಪ್ ಒಂದು ಬೇರೆಯಾದರೆ ಅದು ಓವರ್‌ರೈಡ್ ಆಗದೆ ಓವರ್‌ಲೋಡ್ ಆಗುತ್ತದೆ, ಮೂಲ ಕ್ಲಾಸಿನ ಮೆಥಡೇ ಓಡುತ್ತಿರುತ್ತದೆ. ಗುರುತು ಹಾಕಿದ್ದರೆ ಕಂಪೈಲರ್ ತಾನೇ ತಡೆಯುತ್ತದೆ. ಪಿಎಂಡಿಯ 'ಮಿಸ್ಸಿಂಗ್ ಓವರ್‌ರೈಡ್' ಹಚ್ಚಿ.

ಹೆಜ್ಜೆ 4: ಅಳತೆಗಳಿಗೆ ಮಿತಿ

ಮೆಕೇಬ್ 1976ರಲ್ಲಿ ಕೊಟ್ಟ ಸೈಕ್ಲೊಮ್ಯಾಟಿಕ್ ಸಂಕೀರ್ಣತೆ ಈಗಲೂ ಹಲವು ಟೂಲುಗಳಲ್ಲಿ ಇದೆ: ಮೆಥಡಿನಲ್ಲಿರುವ ಕವಲುಗಳ ಸಂಖ್ಯೆಗೆ ಒಂದು ಕೂಡಿಸಿ. ಪಿಎಂಡಿಯ ಮೂಲ ಮಿತಿ ಒಂದು ಮೆಥಡಿಗೆ 10, ಇಡೀ ಕ್ಲಾಸಿಗೆ 80. ಇದರ ಕೊರತೆಯೆಂದರೆ ಹದಿನಾಲ್ಕು ಕೇಸಿನ ಒಂದು ಸರಳ ಸ್ವಿಚ್ಚೂ 15 ಅಂಕ ಪಡೆದು ಸಿಕ್ಕಿಬೀಳುತ್ತದೆ, ಆದರೆ ಒಂದರೊಳಗೊಂದು ನಾಲ್ಕು ಇಫ್ ಇರುವ ಗೋಜಲು ಪಾರಾಗುತ್ತದೆ. ಕಾಗ್ನಿಟಿವ್ ಸಂಕೀರ್ಣತೆ ಎಂಬ ಇನ್ನೊಂದು ಅಳತೆ ಒಳಗೊಳಗೆ ಹೋದಷ್ಟೂ ಹೆಚ್ಚು ಅಂಕ ಹಾಕುತ್ತದೆ, ಸ್ವಿಚ್ಚನ್ನು ಒಂದೇ ಎಂದು ಎಣಿಸುತ್ತದೆ. ಪಿಎಂಡಿ, ಸೋನಾರ್ ಎರಡರಲ್ಲೂ ಇದರ ಮಿತಿ 15. ಒಂದನ್ನೇ ಆರಿಸುವುದಾದರೆ ಇದನ್ನು ಆರಿಸಿ.

ಕ್ಲಾಸುಗಳ ಮಟ್ಟದಲ್ಲಿ 1994ರ ಚಿದಂಬರ್ ಮತ್ತು ಕೆಮೆರರ್ ಅವರ ಆರು ಅಳತೆಗಳು ಬಳಕೆಯಲ್ಲಿವೆ. ಕ್ಲಾಸಿನ ಮೆಥಡುಗಳ ಒಟ್ಟು ಭಾರ, ಇನ್ಹೆರಿಟೆನ್ಸಿನ ಆಳ, ಮಕ್ಕಳ ಸಂಖ್ಯೆ, ಬೇರೆ ಕ್ಲಾಸುಗಳ ಜೊತೆಗಿನ ಜೋಡಣೆ, ಕರೆಗೆ ಸ್ಪಂದಿಸುವ ಮೆಥಡುಗಳ ಎಣಿಕೆ, ಒಗ್ಗಟ್ಟಿನ ಕೊರತೆ. ಆರನ್ನೂ ಗೇಟಿಗೆ, ಅಂದರೆ ಮರ್ಜ್ ತಡೆಯುವ ತಪಾಸಣೆಗೆ, ಕಟ್ಟಬೇಡಿ. ಆಳಕ್ಕೆ ಸೋನಾರ್‌ನ ಮಿತಿ 5, ಜೋಡಣೆಗೆ ಪಿಎಂಡಿಯ ಮಿತಿ 20, ಇವೆರಡು ಸಾಕು.

'ಗಾಡ್ ಕ್ಲಾಸ್' ನಿಯಮ ಮಾತ್ರ ಬಿಡಬೇಡಿ. ಎಲ್ಲ ಕೆಲಸವನ್ನೂ ತಾನೇ ಹೊತ್ತ ಕ್ಲಾಸನ್ನು ಪಿಎಂಡಿ ಮೂರು ಗುರುತಿನಿಂದ ಪತ್ತೆ ಮಾಡುತ್ತದೆ: ಮೆಥಡುಗಳ ಭಾರ 47 ಅಥವಾ ಹೆಚ್ಚು, ಬೇರೆ ಕ್ಲಾಸಿನ ಡೇಟಾಗೆ ಕೈಹಾಕಿದ್ದು 5ಕ್ಕಿಂತ ಹೆಚ್ಚು, ಮೆಥಡುಗಳ ನಡುವಿನ ಒಗ್ಗಟ್ಟು ಮೂರನೇ ಒಂದು ಭಾಗಕ್ಕಿಂತ ಕಡಿಮೆ. ಮೂರೂ ಕೂಡಿದರೆ ಮಾತ್ರ ದೂರು ಬರುವುದರಿಂದ ಸುಳ್ಳು ಕೂಗು ಕಡಿಮೆ. ಉದ್ದದ ಮಿತಿಯೊಂದನ್ನೇ ಇಟ್ಟರೆ ಏನಾಗುತ್ತದೆ ಎಂದರೆ, ಜನ ಒಂದು ಮೆಥಡನ್ನು 'ಭಾಗ ಒಂದು', 'ಭಾಗ ಎರಡು' ಎಂದು ಕತ್ತರಿಸಿ ಹಸಿರು ಗುರುತು ಪಡೆಯುತ್ತಾರೆ. ಸಂಖ್ಯೆ ಇಳಿಯುತ್ತದೆ, ಓದುವವರ ಗೋಳು ಹಾಗೇ ಇರುತ್ತದೆ.

ಹೆಜ್ಜೆ 5: ಹಳೆಯ ಸಾಲ ಬೇರೆ, ಹೊಸ ಸಾಲ ಬೇರೆ

ಹಳೆಯ ರೆಪೊದಲ್ಲಿ ಇಷ್ಟೆಲ್ಲ ಹಚ್ಚಿದರೆ ನಾಲ್ಕುನೂರು ದೂರು ಬರಬಹುದು. ಎಲ್ಲ ತಿದ್ದಿದ ಮೇಲೆ ಗೇಟ್ ಹಾಕುತ್ತೇವೆ ಎಂದರೆ ಆ ದಿನ ಬರುವುದೇ ಇಲ್ಲ.

ಸುಲಭದ ದಾರಿ ಇದು: ಮೇವೆನ್‌ನ ಪಿಎಂಡಿ ಮತ್ತು ಚೆಕ್‌ಸ್ಟೈಲ್ ಪ್ಲಗಿನ್‌ಗಳಲ್ಲಿ 'ಮ್ಯಾಕ್ಸ್ ಅಲೌಡ್ ವಯಲೇಶನ್ಸ್' ಎಂಬ ಮಿತಿ ಇದೆ. ಇಂದು 412 ದೂರು ಇದ್ದರೆ 412 ಎಂದು ಬರೆಯಿರಿ. 413 ಆದರೆ ಬಿಲ್ಡ್ ಬೀಳುತ್ತದೆ. ಯಾರಾದರೂ ಹತ್ತು ತಿದ್ದಿದರೆ ಅದೇ ಪುಲ್ ರಿಕ್ವೆಸ್ಟ್‌ನಲ್ಲಿ (ಮರ್ಜ್ ಮಾಡಿ ಎಂಬ ಕೋರಿಕೆ) 402 ಎಂದು ಇಳಿಸಬೇಕು, ಇಳಿಸದಿದ್ದರೆ ಹತ್ತು ಹೊಸ ತಪ್ಪಿಗೆ ಜಾಗ ಸಿಕ್ಕಂತೆ. ಇದರಲ್ಲಿ ಒಂದು ಕಿಂಡಿ ಇದೆ: ಒಂದು ಹಳೆಯದನ್ನು ತಿದ್ದಿ ಒಂದು ಹೊಸದನ್ನು ತಂದರೆ ಎಣಿಕೆ ಬದಲಾಗುವುದಿಲ್ಲ. ಅದಕ್ಕೆ ಸ್ಪಾಟ್‌ಬಗ್ಸ್‌ನಲ್ಲಿ ಹಳೆಯ ದೋಷಗಳ ವರದಿಯನ್ನೇ 'ಎಕ್ಸ್‌ಕ್ಲೂಡ್ ಬಗ್ಸ್ ಫೈಲ್' ಆಗಿ ಕೊಟ್ಟು ಅವನ್ನಷ್ಟೇ ಬಿಡಿಸಬಹುದು.

ಸೋನಾರ್ ಇದ್ದರೆ ಹೊಸ ಕೋಡಿನ ಮೇಲೆ ಮಾತ್ರ ಗೇಟ್ ನಿಲ್ಲಿಸಿ. ಅದರ ಜೊತೆಗೇ ಬರುವ 'ಸೋನಾರ್ ವೇ' ಗೇಟ್ ಹೊಸ ಕೋಡಿಗೆ ಶೇ 80 ಟೆಸ್ಟ್ ಕವರೇಜ್ ಮತ್ತು ಶೇ 3ರೊಳಗೆ ನಕಲು ಸಾಲು ಕೇಳುತ್ತದೆ. ಯಾವುದು ಹೊಸದು ಎಂದು ಅದು ತಿಳಿಯುವುದು ಗಿಟ್ ಇತಿಹಾಸದಿಂದ. ಗಿಟ್‌ಹಬ್ ಆಕ್ಷನ್ಸ್‌ನ ಚೆಕ್‌ಔಟ್ ಕೊನೆಯ ಒಂದೇ ಕಮಿಟ್ ತರುತ್ತದೆ. 'ಫೆಚ್ ಡೆಪ್ತ್' ಅನ್ನು 0 ಮಾಡದಿದ್ದರೆ ಸೋನಾರ್‌ಗೆ ಸಾಲುಗಳ ವಯಸ್ಸು ತಿಳಿಯದೆ ಹೊಸದು ಹಳೆಯದರ ಲೆಕ್ಕವೇ ತಪ್ಪುತ್ತದೆ.

ಹೆಜ್ಜೆ 6: ಪ್ಯಾಕೇಜುಗಳ ಗಡಿ

ಕಂಟ್ರೋಲರ್ ನೇರವಾಗಿ ಡೇಟಾಬೇಸ್ ಪ್ಯಾಕೇಜಿಗೆ ಕೈಹಾಕಬಾರದು, ಡೊಮೈನ್ ಕ್ಲಾಸಿಗೆ ಸ್ಪ್ರಿಂಗ್‌ನ ಪರಿಚಯವೇ ಇರಬಾರದು, ಪ್ಯಾಕೇಜುಗಳ ನಡುವೆ ಸುತ್ತು ಬರಬಾರದು. ಇಂಥ ಮಾತುಗಳು ತಂಡದ ಕಾನ್ಫ್ಲುಯೆನ್ಸ್ ಟಿಪ್ಪಣಿ ಪುಟದಲ್ಲಿದ್ದರೆ ಯಾರೂ ಪಾಲಿಸುವುದಿಲ್ಲ. ಆರ್ಕ್‌ಯೂನಿಟ್ ಲೈಬ್ರರಿಯಿಂದ ಇವನ್ನು ಜೆಯೂನಿಟ್ ಟೆಸ್ಟ್ ಆಗಿಯೇ ಬರೆಯಬಹುದು. ಬೇರೆ ಪ್ಲಗಿನ್ ಬೇಡ.

ಹಳೆಯ ಉಲ್ಲಂಘನೆಗಳಿಗೆ ಇದರಲ್ಲಿ 'ಫ್ರೀಜ್' ಸೌಲಭ್ಯವಿದೆ. ಮೊದಲ ಓಟದಲ್ಲಿ ಇರುವುದನ್ನೆಲ್ಲ ಒಂದು ಫೋಲ್ಡರಿನಲ್ಲಿ ಬರೆದಿಟ್ಟು, ಆಮೇಲೆ ಹೊಸದಕ್ಕೆ ಮಾತ್ರ ಟೆಸ್ಟ್ ಬೀಳಿಸುತ್ತದೆ. ಹಳೆಯದೊಂದು ತಿದ್ದಿದರೆ ಪಟ್ಟಿಯಿಂದ ತಾನೇ ತೆಗೆಯುತ್ತದೆ. ಆ ಫೋಲ್ಡರ್ ಹುಟ್ಟಿಸಲು ಅನುಮತಿ ಕೊಡುವ ಸೆಟ್ಟಿಂಗ್ ಮೊದಲಿಗೆ ಮುಚ್ಚಿರುತ್ತದೆ. ನಿಮ್ಮ ಲ್ಯಾಪ್‌ಟಾಪಿನಲ್ಲಿ ಒಮ್ಮೆ ತೆರೆದು, ಫೋಲ್ಡರನ್ನು ಕಮಿಟ್ ಮಾಡಿ, ಮತ್ತೆ ಮುಚ್ಚಿ. ಮುಚ್ಚಲು ಮರೆತು ಫೋಲ್ಡರನ್ನೂ ಕಮಿಟ್ ಮಾಡದಿದ್ದರೆ ಬಿಲ್ಡ್ ಸರ್ವರ್ ಪ್ರತಿ ಸಲವೂ ಹೊಸ ಪಟ್ಟಿ ಬರೆದುಕೊಂಡು, ಎಲ್ಲ ತಪ್ಪನ್ನೂ ಹಳೆಯದೆಂದು ನಂಬಿ, ಸದಾ ಹಸಿರು ತೋರಿಸುತ್ತಿರುತ್ತದೆ.

ಹೆಜ್ಜೆ 7: ಟೆಸ್ಟ್ ಕವರೇಜ್

ಜಾಕೊಕೊ ಹಾಕಿ ಶೇಕಡಾ ಸೊನ್ನೆ ಬಂದರೆ ಮೊದಲು ಟೆಸ್ಟುಗಳನ್ನು ಓಡಿಸುವ ಶ್ಯೂರ್‌ಫೈರ್ ಪ್ಲಗಿನ್ ನೋಡಿ. ಜಾಕೊಕೊ ತನ್ನ ಏಜೆಂಟನ್ನು 'ಆರ್ಗ್‌ಲೈನ್' ಎಂಬ ಪ್ರಾಪರ್ಟಿಯಲ್ಲಿ ಇಡುತ್ತದೆ. ಪಾಮ್‌ನಲ್ಲಿ ಯಾರೋ ಮೆಮೊರಿ ಮಿತಿಗೆಂದು ಅದೇ ಆರ್ಗ್‌ಲೈನನ್ನು ಬೇರೆ ಬರೆದಿದ್ದರೆ ಏಜೆಂಟ್ ಅಳಿಸಿಹೋಗುತ್ತದೆ, ಡೇಟಾ ಫೈಲೇ ಹುಟ್ಟುವುದಿಲ್ಲ. ನಿಮ್ಮ ಸಾಲಿನ ಮುಂದೆ ಆಟ್ ಚಿಹ್ನೆ ಹಾಕಿ ಪುಷ್ಪಾವರಣದೊಳಗೆ ಆರ್ಗ್‌ಲೈನ್ ಎಂದು ಸೇರಿಸಿದರೆ ಎರಡೂ ಉಳಿಯುತ್ತವೆ.

ಲಾಂಬಾಕ್ ಬಳಸುವ ಕಡೆ ಅದು ತಯಾರಿಸಿದ ಗೆಟ್ಟರ್ ಸೆಟ್ಟರ್‌ಗಳೂ ಲೆಕ್ಕಕ್ಕೆ ಬಂದು ಕವರೇಜ್ ಕುಸಿಯುತ್ತದೆ. ಲಾಂಬಾಕ್ ಕಾನ್ಫಿಗ್‌ನಲ್ಲಿ 'ಆಡ್ ಲಾಂಬಾಕ್ ಜನರೇಟೆಡ್ ಅನೋಟೇಶನ್' ಆಯ್ಕೆ ಹಾಕಿದರೆ ಜಾಕೊಕೊ ಅವನ್ನು ಬಿಡುತ್ತದೆ. ಮಿತಿಯನ್ನು ಸಾಲಿಗಿಂತ ಕವಲಿನ ಮೇಲೆ ಇಡಿ. ಒಂದೂ ಅಸರ್ಟ್ ಇಲ್ಲದ ಟೆಸ್ಟ್ ಕೂಡ ಕವರೇಜ್ ಏರಿಸುತ್ತದೆ ಎಂಬುದು ಎಲ್ಲರಿಗೂ ಗೊತ್ತು. ಅದಕ್ಕೆ ಮದ್ದು ಪಿಐಟಿ: ಅದು ಕೋಡಿನಲ್ಲಿ ಬೇಕೆಂದೇ ಸಣ್ಣ ತಪ್ಪು ಹಾಕಿ ಟೆಸ್ಟ್ ಬೀಳುತ್ತದೋ ಇಲ್ಲವೋ ನೋಡುತ್ತದೆ. ಹೊತ್ತು ಬಹಳ ಹಿಡಿಯುವುದರಿಂದ ಇಡೀ ರೆಪೊಗೆ ಬೇಡ, ತೆರಿಗೆ ಮತ್ತು ಮೊತ್ತದ ಪ್ಯಾಕೇಜಿಗಷ್ಟೇ ರಾತ್ರಿ ಓಡಿಸಿ. ಜೆಯೂನಿಟ್ 5 ಇದ್ದರೆ ಪಿಐಟಿಗೆ ಪ್ರತ್ಯೇಕ ಪ್ಲಗಿನ್ ಸೇರಿಸಬೇಕು, ಇಲ್ಲದಿದ್ದರೆ ಅದಕ್ಕೆ ಟೆಸ್ಟುಗಳೇ ಸಿಗುವುದಿಲ್ಲ.

ಹೆಜ್ಜೆ 8: ಸರ್ವರಿನಲ್ಲಿ ಗೇಟ್

ಎಲ್ಲ ಹಚ್ಚಿಯೂ ಏನೂ ನಡೆಯದಿರಲು ಮುಖ್ಯವಾಗಿ ಎರಡು ಕಾರಣ. ಒಂದು, ಪ್ಲಗಿನ್ ಹೆಸರನ್ನು ಪಾಮ್‌ನಲ್ಲಿ ಬರೆದು 'ಎಕ್ಸಿಕ್ಯೂಶನ್' ಭಾಗ ಬರೆಯದಿರುವುದು. ಸ್ಪಾಟ್‌ಬಗ್ಸ್‌ನಲ್ಲಿ 'ಸ್ಪಾಟ್‌ಬಗ್ಸ್' ಎಂಬ ಗೋಲ್ ವರದಿ ಮಾತ್ರ ಬರೆಯುತ್ತದೆ; ಬಿಲ್ಡ್ ಬೀಳಿಸುವುದು 'ಚೆಕ್' ಗೋಲ್. ಎರಡನೆಯದು, ಪಿಎಂಡಿ, ಚೆಕ್‌ಸ್ಟೈಲ್, ಜಾಕೊಕೊಗಳ ಚೆಕ್ ಗೋಲ್ ಕೂರುವುದು ಮೇವೆನ್‌ನ 'ವೆರಿಫೈ' ಹಂತದಲ್ಲಿ. ಅದು 'ಪ್ಯಾಕೇಜ್' ಆದ ಮೇಲೆ ಬರುತ್ತದೆ. ಬಿಲ್ಡ್ ಸರ್ವರ್ ಆದ ಜೆಂಕಿನ್ಸ್‌ನ ಸ್ಕ್ರಿಪ್ಟಿನಲ್ಲಿ 'ಎಂವಿಎನ್ ಪ್ಯಾಕೇಜ್' ಎಂದಷ್ಟೇ ಇದ್ದರೆ ತಪಾಸಣೆ ವರ್ಷವಿಡೀ ಓಡುವುದೇ ಇಲ್ಲ. 'ಎಂವಿಎನ್ ವೆರಿಫೈ' ಎಂದು ಬದಲಿಸಿ, ಬೇಕೆಂದೇ ಒಂದು ತಪ್ಪು ಕಮಿಟ್ ಮಾಡಿ ಬಿಲ್ಡ್ ಬೀಳುವುದನ್ನು ಕಣ್ಣಾರೆ ನೋಡಿ.

ಲ್ಯಾಪ್‌ಟಾಪಿನ ಪ್ರಿ-ಕಮಿಟ್ ಹುಕ್ (ಕಮಿಟ್‌ಗೆ ಮುನ್ನ ತಾನೇ ಓಡುವ ಸ್ಕ್ರಿಪ್ಟ್) ಅನುಕೂಲಕ್ಕೆ ಮಾತ್ರ. ಹುಕ್‌ಗಳು ಕ್ಲೋನ್ ಜೊತೆ ಬರುವುದಿಲ್ಲ, ಕಮಿಟ್ ಮಾಡುವಾಗ 'ನೋ ವೆರಿಫೈ' ಎಂದರೆ ಸುಮ್ಮನಾಗುತ್ತವೆ. ನಿಜವಾದ ತಡೆ ಇರಬೇಕಾದದ್ದು ಮೇನ್ ಬ್ರ್ಯಾಂಚಿನ ರಕ್ಷಣಾ ಸೆಟ್ಟಿಂಗಿನಲ್ಲಿ. ತಪಾಸಣೆ ಪಾಸಾಗದೆ ಮರ್ಜ್ ಬಟನ್ ಒತ್ತಲು ಬಾರದಂತೆ. ಬೇಗ ಮುಗಿಯುವುದನ್ನು ಮೊದಲು ಓಡಿಸಿ: ಫಾರ್ಮ್ಯಾಟ್, ಕಂಪೈಲ್, ಟೆಸ್ಟ್, ಪಿಎಂಡಿ, ಕೊನೆಗೆ ಸ್ಪಾಟ್‌ಬಗ್ಸ್. ಎಲ್ಲ ಸೇರಿ ಹತ್ತು ನಿಮಿಷ ದಾಟಿದರೆ ಜನ ಗೇಟನ್ನು ತಪ್ಪಿಸುವ ದಾರಿ ಹುಡುಕುತ್ತಾರೆ.

ವಿನಾಯಿತಿ ಕೊಡುವಾಗ

ಸ್ಪಾಟ್‌ಬಗ್ಸ್‌ಗೆ ಜಾವಾದ ಮಾಮೂಲಿ 'ಸಪ್ರೆಸ್ ವಾರ್ನಿಂಗ್ಸ್' ಕೆಲಸ ಮಾಡುವುದಿಲ್ಲ. ಆ ಅನೋಟೇಶನ್ ಸೋರ್ಸ್‌ನಲ್ಲಷ್ಟೇ ಉಳಿದು ಕಂಪೈಲ್ ಆದಾಗ ಮಾಯವಾಗುತ್ತದೆ. ಸ್ಪಾಟ್‌ಬಗ್ಸ್ ಓದುವುದು ಬೈಟ್‌ಕೋಡನ್ನು. ಅದಕ್ಕೆ 'ಸಪ್ರೆಸ್ ಎಫ್‌ಬಿ ವಾರ್ನಿಂಗ್ಸ್' ಎಂಬ ಬೇರೆಯದೇ ಇದೆ, ಕಾರಣ ಬರೆಯಲು 'ಜಸ್ಟಿಫಿಕೇಶನ್' ಎಂಬ ಜಾಗವೂ ಇದೆ. ಆ ಜಾಗ ಖಾಲಿಯಿದ್ದರೆ ಬಿಲ್ಡ್ ಬೀಳಲಿ. ಚೆಕ್‌ಸ್ಟೈಲ್‌ನ ರೆಜೆಕ್ಸ್ ನಿಯಮವೊಂದರಿಂದ ಇದು ಆಗುತ್ತದೆ. ಪಿಎಂಡಿಗೆ ಮಾಮೂಲಿ ಸಪ್ರೆಸ್ ವಾರ್ನಿಂಗ್ಸ್ ನಡೆಯುತ್ತದೆ, ನಿಯಮದ ಹೆಸರಿಗೆ ಮೊದಲು ಪಿಎಂಡಿ ಎಂದು ಸೇರಿಸಬೇಕು. ಇಡೀ ಕ್ಲಾಸಿಗೆ ಎಲ್ಲ ನಿಯಮದಿಂದಲೂ ಮಾಫಿ ಕೊಡುವ ಕಮಿಟ್ಟನ್ನು ರಿವ್ಯೂನಲ್ಲೇ ತಿರಸ್ಕರಿಸಿ.

ಹೆಸರುಗಳ ಸಂತೆ

ಪುಣೆ ಮುಂಬಯಿ ತಂಡಗಳಲ್ಲಿ ಕಾಣುವ ಒಂದು ತೊಂದರೆ ಇದು. ಮರಾಠಿಯವರು ಒಟ್ಟು ಮೊತ್ತಕ್ಕೆ 'ಏಕೂಣ್' ಎಂದು, ನಮ್ಮವರು 'ಒಟ್ಟು' ಎಂದು, ದೆಹಲಿ ಕಡೆಯವರು 'ಕುಲ್' ಎಂದು ಇಂಗ್ಲಿಷ್ ಅಕ್ಷರದಲ್ಲಿ ವೇರಿಯಬಲ್ ಹೆಸರಿಡುತ್ತಾರೆ. ಸಣ್ಣಕ್ಷರದಿಂದ ಶುರುವಾಗಿದೆಯೇ ಎಂದಷ್ಟೇ ನೋಡುವ ಚೆಕ್‌ಸ್ಟೈಲ್‌ಗೆ ಮೂರೂ ಸರಿ. ಒಂದೇ ಕ್ಲಾಸಿನಲ್ಲಿ ಮೂರೂ ಸೇರಿದಾಗ ಯಾವುದು ತೆರಿಗೆಗೆ ಮುಂಚಿನ ಮೊತ್ತ, ಯಾವುದು ನಂತರದ್ದು ಎಂದು ಹೇಳುವವರೇ ಇರುವುದಿಲ್ಲ. ಸಿ-ಸ್ಪೆಲ್ ಎಂಬ ಟೂಲ್ ಜೋಡಿಸಿದ ಹೆಸರುಗಳನ್ನು ಬಿಡಿಸಿ ಪ್ರತಿ ಪದವನ್ನೂ ನಿಘಂಟಿನಲ್ಲಿ ಹುಡುಕುತ್ತದೆ. ವ್ಯವಹಾರದ ಪದಗಳು, ಅಂದರೆ ಇಡ್ಲಿ, ಮಿಸಳ್, ಪಾವ್, ಖಾತೆ ಇಂಥವನ್ನು ಪ್ರಾಜೆಕ್ಟ್ ನಿಘಂಟಿಗೆ ಸೇರಿಸಿ. ಮೊತ್ತ, ದಿನಾಂಕ, ಎಣಿಕೆಯಂಥ ಸಾಮಾನ್ಯ ಪದಗಳಿಗೆ ತಂಡ ಒಪ್ಪಿದ ಒಂದೇ ಭಾಷೆ ಇರಲಿ. ಯಾವ ಭಾಷೆ ಎಂಬುದಕ್ಕಿಂತ ಒಂದೇ ಆಗಿರುವುದು ಮುಖ್ಯ.

ಯಂತ್ರಕ್ಕೆ ಕಾಣದ್ದು

'ಬಿಲ್'ನಲ್ಲಿ 'ಪಾವತಿಸು' ಎಂಬ ಮೆಥಡ್ ಇದೆ. 'ಖಾತೆಬಿಲ್'ಗೆ ತಕ್ಷಣದ ಪಾವತಿ ಇಲ್ಲವಾದ್ದರಿಂದ ಅಲ್ಲಿ 'ಅನ್‌ಸಪೋರ್ಟೆಡ್ ಆಪರೇಶನ್' ಎಕ್ಸೆಪ್ಶನ್ ಎಸೆದಿದ್ದಾರೆ. ಮೇಲೆ ಹೇಳಿದ ನಿಯಮಗಳಲ್ಲಿ ಒಂದೂ ಇದನ್ನು ತಪ್ಪೆನ್ನುವುದಿಲ್ಲ. ಆದರೆ 'ಬಿಲ್' ಎಂದು ನಂಬಿ ಎಲ್ಲವನ್ನೂ ಲೂಪಿನಲ್ಲಿ ಪಾವತಿಸುವ ಕೋಡ್ ರಾತ್ರಿ ಲೆಕ್ಕ ಮುಚ್ಚುವಾಗ ಬಿದ್ದುಹೋಗುತ್ತದೆ. ಮೂಲ ಕ್ಲಾಸ್ ಇರುವಲ್ಲೆಲ್ಲ ಉಪಕ್ಲಾಸ್ ನಿಲ್ಲಬೇಕು ಎಂಬ ಬಾರ್ಬರಾ ಲಿಸ್ಕೊವ್ ಅವರ ತತ್ವ ಮುರಿದದ್ದು ಇಲ್ಲಿ. ಜಾವಾದ ಸ್ವಂತ ಲೈಬ್ರರಿಯಲ್ಲೇ 'ಸ್ಟ್ಯಾಕ್' ಕ್ಲಾಸ್ 'ವೆಕ್ಟರ್'ನಿಂದ ಹುಟ್ಟಿ, ರಾಶಿಯ ನಡುವಿಗೂ ವಸ್ತು ತುರುಕಲು ಬಿಡುತ್ತದೆ. ದೊಡ್ಡವರೂ ತಪ್ಪಿದ ಜಾಗ ಇದು.

ಇದಕ್ಕೆ ಸಿಗುವ ಅರ್ಧ ಸ್ವಯಂಚಾಲಿತ ಉಪಾಯ ಕರಾರು ಟೆಸ್ಟ್. 'ಬಿಲ್ ಟೆಸ್ಟ್' ಎಂಬ ಅಬ್‌ಸ್ಟ್ರಾಕ್ಟ್ ಟೆಸ್ಟ್ ಕ್ಲಾಸ್ ಬರೆಯಿರಿ. ಆಬ್ಜೆಕ್ಟ್ ಹುಟ್ಟಿಸುವ ಮೆಥಡನ್ನು ಮಾತ್ರ ಖಾಲಿ ಬಿಡಿ. ಪಾವತಿಯಾದ ಮೇಲೆ ಬಾಕಿ ಸೊನ್ನೆ, ಐಟಂ ಸೇರಿಸಿದರೆ ಮೊತ್ತ ಇಳಿಯುವುದಿಲ್ಲ ಎಂಬಂಥ ಕರಾರುಗಳೆಲ್ಲ ಅಲ್ಲಿರಲಿ. ಪ್ರತಿ ಉಪಕ್ಲಾಸಿಗೂ ಅದರಿಂದ ಹುಟ್ಟಿದ ಒಂದು ಪುಟ್ಟ ಟೆಸ್ಟ್ ಕ್ಲಾಸ್. 'ಖಾತೆಬಿಲ್' ಆ ಟೆಸ್ಟಿನಲ್ಲಿ ಬಿದ್ದಾಗ ಟೆಸ್ಟನ್ನು ಬದಲಿಸುವ ಆಸೆಯಾಗುತ್ತದೆ. ಬದಲಿಸಬೇಕಾದ್ದು ಇನ್ಹೆರಿಟೆನ್ಸನ್ನು: ಪಾವತಿ ಮಾಡಬಲ್ಲವುಗಳಿಗೆ ಪ್ರತ್ಯೇಕ ಇಂಟರ್‌ಫೇಸ್ ತೆಗೆಯಿರಿ.

ಪೈಥಾನ್, ಸಿ ಪ್ಲಸ್ ಪ್ಲಸ್ ನವರಿಗೆ

ಪೈಥಾನ್‌ನಲ್ಲಿ ಟೈಪುಗಳನ್ನು ತಪಾಸಿಸುವ ಮೈಪೈ ಹಚ್ಚಿದರೆ ಓವರ್‌ರೈಡ್ ಮಾಡಿದ ಮೆಥಡಿನ ಪ್ಯಾರಾಮೀಟರ್ ಟೈಪ್ ಮೂಲದ್ದಕ್ಕೆ ಹೊಂದದಾಗ ಲಿಸ್ಕೊವ್ ಹೆಸರು ಹೇಳಿಯೇ ದೂರುತ್ತದೆ. ಇನ್ನೊಂದು ತಪಾಸಣೆ ಟೂಲ್ ಪೈಲಿಂಟ್‌ನ ಮೂಲ ಮಿತಿಗಳು ಬಿಗಿ: ಪೂರ್ವಜ ಕ್ಲಾಸುಗಳು 7, ಆಬ್ಜೆಕ್ಟಿನ ಆಟ್ರಿಬ್ಯೂಟುಗಳು 7, ಆರ್ಗ್ಯುಮೆಂಟುಗಳು 5. ಎರಡಕ್ಕಿಂತ ಕಡಿಮೆ ಪಬ್ಲಿಕ್ ಮೆಥಡ್ ಇದ್ದರೂ ಅದು ಗೊಣಗುತ್ತದೆ. ಆ ನಿಯಮವನ್ನು ಮೊದಲೇ ತೆಗೆದುಬಿಡಿ.

ಪುಣೆಯಲ್ಲಿ ವಾಹನಗಳ ತಂತ್ರಾಂಶ ಬರೆಯುವವರು ಬಹಳ ಇದ್ದಾರೆ, ಅವರಿಗೆ ಸಿ ಪ್ಲಸ್ ಪ್ಲಸ್ 17ಕ್ಕೆಂದು ಬಂದ 2023ರ ಮಿಸ್ರಾ ಎಂಬ ಸುರಕ್ಷಿತ ಕೋಡಿಂಗ್ ನಿಯಮಾವಳಿ ಇದೆ. ಅದರ ಪೂರ್ಣ ತಪಾಸಣೆಗೆ ಹಣ ಕೊಟ್ಟು ಕೊಳ್ಳುವ ಟೂಲೇ ಬೇಕಾಗುವುದು ಹೆಚ್ಚು. ಆದರೂ ವರ್ಚುವಲ್ ಮೆಥಡ್ ಇದ್ದು ವರ್ಚುವಲ್ ಡಿಸ್ಟ್ರಕ್ಟರ್ ಇಲ್ಲದ ಕ್ಲಾಸನ್ನು ಜಿಸಿಸಿ ಕಂಪೈಲರಿನ 'ನಾನ್ ವರ್ಚುವಲ್ ಡಿಟಾರ್' ಎಚ್ಚರಿಕೆ ಪುಕ್ಕಟೆ ಹಿಡಿಯುತ್ತದೆ. ಮೂಲ ಕ್ಲಾಸಿನ ಪಾಯಿಂಟರ್ ಮೂಲಕ ಅಂಥ ಆಬ್ಜೆಕ್ಟನ್ನು ಅಳಿಸಿದರೆ ನಡವಳಿಕೆ ಭಾಷೆಯ ನಿಯಮದಲ್ಲೇ ಗೊತ್ತುಪಡಿಸಿಲ್ಲ. ತಪಾಸಣೆ ಟೂಲ್ ಕ್ಲ್ಯಾಂಗ್ ಟೈಡಿಗೆ 'ಕಂಪೈಲ್ ಕಮಾಂಡ್ಸ್' ಫೈಲ್ ಬೇಕು, ಅದನ್ನು ಬಿಲ್ಡ್ ಟೂಲ್ ಸಿಮೇಕ್‌ನ ಒಂದು ಆಯ್ಕೆ ತಾನೇ ಬರೆದುಕೊಡುತ್ತದೆ. ಸಿ ಪ್ಲಸ್ ಪ್ಲಸ್‌ನಲ್ಲಿ ಕ್ಲಾಸುಗಳು ಹೆಚ್ಚಾಗಿ ಇರುವುದು ಹೆಡರ್ ಫೈಲಿನಲ್ಲಿ. 'ಹೆಡರ್ ಫಿಲ್ಟರ್' ಆಯ್ಕೆಯನ್ನು ನಿಮ್ಮ ಫೋಲ್ಡರಿಗೆ ಹೊಂದಿಸದಿದ್ದರೆ ಅಲ್ಲಿನ ಎಚ್ಚರಿಕೆಗಳು ತೋರದೇ ಹೋಗಬಹುದು, ವರದಿ ಖಾಲಿ ಇದ್ದಾಗ ಮೊದಲು ನೋಡಬೇಕಾದ್ದು ಅದನ್ನೇ.